ಮೂರೇ ಕಾಲು

ಜೂನ್ ಮುಗಿಯುವ ವಾರ. ಬ್ಯಾಲರಾಟಿನಲ್ಲಿ ಬೆಳಗಿನ ಏಳು, ಇನ್ನೂ ಕತ್ತಲು.
ಪಂಚಾಂಗದಲ್ಲಿ ಆಷಾಢ, ಹಿತ್ತಿಲ ಹುಲ್ಲಿಗೆ ಮಾತ್ರ ಪುಷ್ಯದ ನಡುಕ.
ನೀರಿನ ಬಟ್ಟಲ ಮೇಲೆ ಗಾಜು ಕಟ್ಟಿತ್ತು,
ಬೆರಳಲ್ಲಿ ತಟ್ಟಿದರೆ ಟಣ್ ಎಂದಿತು.
ಅದರಾಚೆ, ಗೂಡಿನ ಒಣಹುಲ್ಲಿನಲ್ಲಿ,
ನಾದಿಟ್ಟು ಮರೆತ ಹಿಟ್ಟಿನ ಹಾಗೆ ಕೂತಿದ್ದ
ತ್ರಿವಿಕ್ರಮ.

ಆಶ್ರಯಧಾಮದ ಗ್ಲೆನಿಸ್ ಇಟ್ಟ ಹೆಸರು ಟ್ರೆವರ್.
ಯಾರದೋ ನಾಯಿ ಹಿಂಗಾಲೊಂದನ್ನು ಅಗಿದು
ಉಳಿದದ್ದನ್ನು ಬಿಟ್ಟುಕೊಟ್ಟಿತ್ತಂತೆ.
"ಮೂರೇ ಕಾಲು. ಪರವಾಗಿಲ್ಲವಾ?" ಕೇಳಿದಳು.
ನಗು ತಡೆಯಲಾರದೆ ಕೌಂಟರು ಹಿಡಿದುಕೊಂಡೆ.
ಅವಳಿಗೆ ಹೇಗೆ ಹೇಳಲಿ,
ಹನ್ನೊಂದು ವರ್ಷದಿಂದ ನಮ್ಮ ಮನೆಯ ಜಗಳವೆಲ್ಲ
ಮುಗಿಯುವುದೇ ಆ ಲೆಕ್ಕದಲ್ಲಿ ಎಂದು?
ಹೀಟರಿಗೆ ಎಷ್ಟು ಡಿಗ್ರಿ, ಸಾರಿಗೆ ಎಷ್ಟು ಹುಣಸೆ,
ಅತ್ತಿಗೆಗೆ ಮೊದಲು ಯಾರು ಫೋನು ಮಾಡಬೇಕು,
"ಬಿಡು, ನೀ ಹಿಡಿದ ಮೊಲಕ್ಕೆ ಮೂರೇ ಕಾಲು"
ಎಂದು ಫಾಲಾಕ್ಷ ಬಾಗಿಲೆಳೆದುಕೊಳ್ಳುತ್ತಾನೆ.

ಹಿಡಿದೇ ತಂದೆ. ಅವನೆದುರು ಮೇಜಿನ ಮೇಲಿಟ್ಟೆ.
"ಎಣಿಸು" ಎಂದೆ.

ಎಣಿಸಿದ. ಎರಡು ಸಲ.
ಸಂಜೆಯ ಹೊತ್ತಿಗೆ ಹೆಸರು ಬದಲಾಯಿಸಿದ್ದ.

ಬೇಸಿಗೆಯಲ್ಲಿ ಹಿತ್ತಿಲನ್ನು ಮೂರೇ ಹೆಜ್ಜೆಗೆ ಅಳೆದವನು
ಚಳಿ ಬಿದ್ದದ್ದೇ ಅಲುಗಲಿಲ್ಲ.
ಡಾಕ್ಟರು ಬೆನ್ನು ಒತ್ತಿ ನೋಡಿದರು:
ಹೀಗೇ ಕೂತರೆ ಇರುವ ಒಂದು ಹಿಂಗಾಲೂ ಬಿಗಿಯುತ್ತದೆ,
ಕರುಳೂ ಕೂತುಬಿಡುತ್ತದೆ. ಓಡಾಡಿಸಿ.
ಓಡಾಡಿಸಬೇಕಂತೆ!
ಚಾಟಿ ಸುತ್ತಿ ಬಿಡಲು ಬುಗುರಿಯೇ?
ನನ್ನನ್ನೇ ರಜಾಯಿಯಿಂದ ಕೀಳಲು
ಮೂರು ಅಲಾರಮ್ಮು ಬೇಕು.

ಬಟ್ಟೆ ಒಗೆಯುವ ಕೋಣೆ ಖಾಲಿ ಮಾಡಿದೆವು.
ನೆಲ ಜಾರುತ್ತದೆಂದು ಯೋಗದ ಚಾಪೆ ಎರಡು,
ಕೊಂಡಾಗಿನಿಂದ ಸುರುಳಿ ಬಿಚ್ಚದಿದ್ದವು,
ಕೊನೆಗೂ ಯಾರದೋ ವ್ಯಾಯಾಮಕ್ಕೆ ಮೈಚಾಚಿದವು.
ಫ್ರಿಜ್ಜು ಬಂದ ರಟ್ಟಿನ ಪೆಟ್ಟಿಗೆಗೆ ಎರಡು ಬಾಗಿಲು ಕೊರೆದೆ;
ಫಾಲಾಕ್ಷ ಮೂರನೆಯದನ್ನು ಕೊರೆದ,
ನಾನು ಬೇಡವೆಂದ ಕಡೆಯೇ.
ಕೊತ್ತಂಬರಿಯನ್ನು ರಟ್ಟಿನ ಕೊಳವೆಗಳಲ್ಲಿ ತುರುಕಿ
ಮೂಲೆ ಮೂಲೆಗೆ ಬಚ್ಚಿಟ್ಟೆವು.
ಎಲೆ ಅವನಿಗೆ, ದಂಟು ನಮ್ಮ ಸಾರಿಗೆ.

ಮೊದಲ ದಿನ ಮೂಸಲೂ ಇಲ್ಲ.
ಎರಡನೆಯ ದಿನ ನಮ್ಮನ್ನು ನೋಡಿದ,
ಶಾಲೆಗೆ ಬಂದ ಇನ್ಸ್‌ಪೆಕ್ಟರು ನೋಡುವ ಹಾಗೆ;
ಹಿಂಗಾಲೆತ್ತಿ ನೆಲಕ್ಕೊಂದು ಗುದ್ದಿದ.
ಮೂರನೆಯ ದಿನ ಫಾಲಾಕ್ಷ
ಮಂಡಿಯೂರಿ ತಾನೇ ಪೆಟ್ಟಿಗೆಯೊಳಗೆ ನುಗ್ಗಿದ,
ಹೇಗೆಂದು ತೋರಿಸಿಕೊಡಲು.
ಭುಜದವರೆಗೆ ಹೋಗಿ ಸಿಕ್ಕಿಕೊಂಡ.
ಒಳಗಿಂದ ಸಣ್ಣ ದನಿ: "ಎಳಿ."
ಕೂಡಲೇ ಎಳೆಯಲಿಲ್ಲ. ಸ್ವಲ್ಪ ಹೊತ್ತು ನೋಡುತ್ತ ನಿಂತೆ,
ತೂತುಬಿದ್ದ ಸಾಕ್ಸಿನ ಆ ಎರಡು ಹಿಂಗಾಲುಗಳನ್ನು.

ಈಗ ಗೊತ್ತು: ಇವನು ಸಂಧಿಕಾಲದ ಜೀವ.
ನಡುಹಗಲು ಕರೆದರೆ ಕಲ್ಲು.
ಬೆಳಕು ಹರಿಯುವ ಮುನ್ನ, ಮತ್ತೆ ದೀಪ ಹಚ್ಚುವ ಹೊತ್ತಿಗೆ
ತಾನಾಗಿ ಬರುತ್ತಾನೆ ಚಾಪೆಯಂಚಿಗೆ,
ಒಂದು ಕಿವಿ ಮುಂದೆ, ಒಂದು ಹಿಂದೆ.
ಕುಪ್ಪಳಿಕೆಯಲ್ಲಿ ಒಂದು ಮಾತ್ರೆ ಕಡಿಮೆ.
ಛಂದಸ್ಸು ಎಡವಿದ ಸಾಲು,
ಆದರೂ ಓದಿಸಿಕೊಳ್ಳುತ್ತದೆ.

ನಿನ್ನೆ ರಾತ್ರಿ ಹುಲ್ಲು ತರಲು ಶೆಡ್ಡಿಗೆ ಹೋದೆ.
ಹುಣ್ಣಿಮೆ. ಈ ಸೀಮೆಯಲ್ಲಿ ಚಂದ್ರ ತಲೆಕೆಳಗು;
ಒಳಗಿನ ಮೊಲವೂ ಕಾಲು ಮೇಲೆ ಮಾಡಿ
ಯಾವುದೋ ನೆಗೆತದ ನಡುವೆ ನಿಂತುಬಿಟ್ಟಂತಿದೆ.
ಎಷ್ಟು ಕಾಲೆಂದು ಎಣಿಸಹೋದೆ.
ಮೋಡ ಬಂತು.

ಒಳಗೆ ಬಂದರೆ ಫಾಲಾಕ್ಷ ಬಾಗಿಲಲ್ಲಿ
ತುಟಿಗೆ ಬೆರಳಿಟ್ಟು ನಿಂತಿದ್ದ.
ತ್ರಿವಿಕ್ರಮ ಚಾಪೆಯುದ್ದಕ್ಕೂ ಓಡಿ,
ಗಾಳಿಯಲ್ಲೊಮ್ಮೆ ಮೈ ತಿರುಚಿ,
ಬದಿಗೆ ಬಿದ್ದು, ಎದ್ದು,
ಏನೂ ಆಗಿಲ್ಲವೆಂಬಂತೆ ಮೀಸೆ ತಿಕ್ಕಿಕೊಂಡ.

"ಎರಡಡಿ ಹಾರಿದ," ಎಂದ ಇವನು.
"ಒಂದೂವರೆ."
"ಎರಡು."
"ಒಂದೂವರೆ."

ನೆಲಕ್ಕೊಂದು ಗುದ್ದು ಬಿತ್ತು.
ಇಬ್ಬರೂ ಸುಮ್ಮನಾದೆವು.