ಎಡಗಡೆಯ ಚಿಲಕ

ಬಲಗಡೆಯದಿದೆ, ಎಡಗಡೆಯದಿಲ್ಲ.
ಹೆಬ್ಬೆರಳಷ್ಟುದ್ದದ ಸತುವಿನ ತುಂಡು;
ಮೂಲೆಯ ಮುಕ್ಕೋನ ಗಾಜನ್ನು
ಗಾಳಿಗೆ ಬಿಡುವ, ಮತ್ತೆ ಹಿಡಿದುಕೊಳ್ಳುವ ಚಿಲಕ.
ನಲವತ್ತೊಂಬತ್ತನೇ ಇಸವಿಯ ಪಿಕಪ್ಪಿಗೆ
ಎಂಜಿನ್ ಸಿಕ್ಕಿತು, ರೇಡಿಯೇಟರ್ ಸಿಕ್ಕಿತು,
ಮೈನಾಟಿನ ವಿಧುರನೊಬ್ಬ ಅಂಗಳದಲ್ಲಿ ತಾನು ಕೂರುತ್ತಿದ್ದ
ಸೀಟನ್ನೇ ಎದ್ದು ಕೊಟ್ಟ.
ಇದೊಂದು ಸಿಕ್ಕಲಿಲ್ಲ.

ಆರ್ಡೆಲ್ ಕ್ರೊಗ್‌ಸ್ಟಾಡನ ಗುಜರಿಯಲ್ಲಿ
ಹುಲ್ಲು ನಾನೂರು ಗಾಡಿಗಳನ್ನು ನಿಧಾನಕ್ಕೆ ಮೇಯುತ್ತಿದೆ.
ಮೂರು ಶನಿವಾರ
ಕಣಜದ ಗೂಡಿಗೆ ಹೊಗೆ ಹಾಕಿ, ಮಂಡಿಯೂರಿ,
ಬಾಗಿಲಿಂದ ಬಾಗಿಲಿಗೆ ಹೋದೆ.
ಎಲ್ಲದರಲ್ಲೂ ಬಲಗಡೆಯದು ಭದ್ರ.
ಎಡಗಡೆ, ಮುರಿದ ಹಲ್ಲಿನ ಬುಡ.

"ಓಡಿಸುವವನ ಕೈ," ಅಂದ ಆರ್ಡೆಲ್,
ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು.
"ಸಿಗರೇಟಿನ ಬೂದಿಗೆ, ಸೆಕೆಗೆ, ಗೋಧಿಯ ರೇಟಿಗೆ
ಅದನ್ನೇ ತಿರುಚುತ್ತಾನೆ.
ಪಕ್ಕ ಕೂತವರದು ಮೆತ್ತಗಿನ ಕೈ."

ಸರಿ, ನಾನೇ ಮಾಡಿಕೊಳ್ಳಬೇಕು.
ಬಲದ್ದರ ಅಚ್ಚು ತೆಗೆದರೆ
ಇನ್ನೊಂದು ಬಲವೇ ಹುಟ್ಟುತ್ತದೆ,
ಹತ್ತು ಹೊಯ್ದರೆ ಹತ್ತೂ ಬಲ.
ಬಲಗಾಲಿನ ಮೆಟ್ಟು ರಾಶಿ ಬಿದ್ದರೇನು,
ಎಡಗಾಲಿಗೆ ಮುಳ್ಳು ತಪ್ಪೀತೆ?
ಬೆಂಚಿನ ಮೇಲೆ ಗಂಡನ ಕ್ಷೌರದ ಕನ್ನಡಿ ನಿಲ್ಲಿಸಿ
ಇರುವುದನ್ನು ಅದರೊಳಗೆ ನೋಡುತ್ತ
ಇಲ್ಲದ್ದನ್ನು ಮರದಲ್ಲಿ ಕೆತ್ತುತ್ತೇನೆ.
ಕೈ ಒಪ್ಪುವುದಿಲ್ಲ.
ಅರ ಒಳಗೆ ಎಂದರೆ ಹೊರಗೆ ಹೊರಳುತ್ತದೆ.
ಮೂರು ಮೇಪಲ್ ತುಂಡು ಒಲೆಗೆ ಹೋದವು.

ಅಳತೆಗೆ ಒಂದು ಪಟ್ಟಿಯಿದೆ,
ಫಾರ್ಗೊದಲ್ಲಿ ಬಾಗಿಲು ಹಾಕಿದ ಎರಕದ ಕಾರ್ಖಾನೆಯದು.
ಅದರ ಇಂಚು ಇಂಚಿಗಿಂತ ಕೂದಲೆಳೆ ಉದ್ದ.
ಆರುವಾಗ ಹಿತ್ತಾಳೆ ಕುಗ್ಗುತ್ತದೆ, ನೂರಕ್ಕೆ ಒಂದೂವರೆ;
ಕಳೆಯಲಿರುವುದನ್ನು ಮೊದಲೇ ಕೂಡಿಸಿ
ಗೆರೆ ಕೊರೆದಿದ್ದಾರೆ ಯಾರೋ.
ಕೌಂಟಿ ಕಚೇರಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳು ನಾನು,
ಇಷ್ಟು ಪ್ರಾಮಾಣಿಕವಾದ ತಪ್ಪು ಅಳತೆ ಕಂಡಿರಲಿಲ್ಲ.

ನಾಲ್ಕನೆಯ ತುಂಡಿಗೆ ದೀಪ ಹತ್ತಿರ ಎಳೆದಾಗ
ಕನ್ನಡಿಯಲ್ಲಿ ಕಂಡಿತು:
ಹಿಡಿಯ ತುದಿಗೊಂದು ತಗ್ಗು,
ಮಸೂರದ ಕಾಳು ಕೂರುವಷ್ಟು,
ಸವೆದು ಆದದ್ದು.
ನನ್ನ ಹೆಬ್ಬೆರಳಿಟ್ಟೆ. ಕೂರಲಿಲ್ಲ.
ಇನ್ನೂ ಸಣ್ಣದಾದ ಯಾವುದೋ ಬೆರಳು.

ಗಾಡಿ ಎಂಗೆಬ್ರೆಟ್ ಸ್ಲೆಟ್ಟೆನನದು.
ಹರಾಜಿನ ದಿನ ಎಲ್ಲರ ಬಾಯಲ್ಲೂ ಒಂದೇ:
ಮದುವೆಯಾಗದವನು, ಒಬ್ಬನೇ ಬರುತ್ತಿದ್ದ,
ಗೋಧಿ ತೂಗಿಸಿ, ಮಾತು ತೂಗಿಸದೆ
ಒಬ್ಬನೇ ಹೋಗುತ್ತಿದ್ದ.
ಆರ್ಡೆಲ್‌ಗೆ ಫೋನು ಮಾಡಿದೆ.
"ನಾಯಿಯೊಂದಿತ್ತು," ಅಂದ.
ಸ್ವಲ್ಪ ಹೊತ್ತಾದ ಮೇಲೆ,
"ನಾಯಿಗೆ ಹೆಬ್ಬೆರಳಿಲ್ಲ, ಅಲ್ಲವೆ."
ಅವನ ಕಡೆ ಗಾಳಿ ಬೀಸುವುದು ಕೇಳುತ್ತಿತ್ತು.
ಇಬ್ಬರೂ ಫೋನು ಇಡಲಿಲ್ಲ.

ಅಡುಗೆಮನೆಯ ಹಳೆ ನಲ್ಲಿ, ಎರಡು ಬಾಗಿಲ ಗುಬಟು
ಮೂಸೆಯಲ್ಲಿ ಕರಗಿ ಜೇನಿನಷ್ಟು ಮಂದವಾದವು.
ಮರಳಿನ ಅಚ್ಚಿಗೆ ಹೊಯ್ದೆ, ರಾತ್ರಿಯಿಡೀ ಆರಲು ಬಿಟ್ಟೆ.
ಬೆಳಿಗ್ಗೆ ಒಡೆದರೆ, ಕಪ್ಪಗೆ, ಒರಟೊರಟಾಗಿ,
ಎಡಗಡೆಯದು.
ತಗ್ಗನ್ನು ಮಾತ್ರ ಕೆತ್ತಿರಲಿಲ್ಲ,
ಕನ್ನಡಿ ಕೊನೆಯವರೆಗೂ ತೋರಿಸುತ್ತಲೇ ಇದ್ದರೂ.

ಬಿಸ್ಮಾರ್ಕಿನಲ್ಲಿ ಕ್ರೋಮ್ ಹಾಕುವ ಹುಡುಗ
ಬಲದ್ದನ್ನು ಬೆಳಕಿಗೆ ಹಿಡಿದು ಹೇಳಿದ:
"ಇಲ್ಲಿ ಸವೆದಿದೆ. ತಾಮ್ರ ತುಂಬಿ ಸಮ ಮಾಡುತ್ತೇನೆ,
ಅದಕ್ಕೆ ಬೇರೆ ದುಡ್ಡು ಬೇಡ."
ಅದನ್ನು ಅವನ ಕೈಯಿಂದ ತೆಗೆದುಕೊಂಡು
ಕೋಟಿನ ಜೇಬಿಗೆ ಹಾಕಿಕೊಂಡೆ.
ಒಂದಕ್ಕಷ್ಟೇ ಕೊಟ್ಟು ಬಂದೆ.

ಮೇ ತಿಂಗಳಲ್ಲಿ ಗಾಡಿ ರಸ್ತೆಗಿಳಿಯಿತು.
ಜಲ್ಲಿ ದಾರಿ, ಹದಿನಾಲ್ಕು ಮೈಲಿ,
ಪಕ್ಕದಲ್ಲಿ ಆರ್ಡೆಲ್, ಇಸ್ತ್ರಿ ಮಾಡಿದ ಅಂಗಿಯಲ್ಲಿ.
ನನ್ನ ಕಡೆಯದು ಹೊಸದು, ಬಿಗಿ,
ತಿರುಗಿಸುವಾಗ ಅಂಚು ಬೆರಳಿಗೆ ಚುಚ್ಚಿತು.
ಅವನಿಗೂ ಸೆಕೆ.
ಕೈ ಆ ಚಿಲಕದ ಹತ್ತಿರ ಹೋಯಿತು,
ನಿಂತಿತು.
ಕೆಳಗಿನ ಹಿಡಿಕೆ ಸುತ್ತಿ ಸುತ್ತಿ
ದೊಡ್ಡ ಗಾಜನ್ನೇ ಇಳಿಸಿದ.