ಕುಂಬಳಕಾಯಿಗೆ ಕಣ್ಣು ಕೊರೆಯುತ್ತ

ಭಾನುವಾರದ ಪೂಜೆಯಲ್ಲಿ ಹೊಸ ಫಾದರ್ ಅಂದರು:
ಕೆಲವರು ಸೈತಾನನಿಗೆ ಜಗಲಿಯಲ್ಲೇ ಮಣೆ ಹಾಕುತ್ತಾರೆ.
ನಾನು ಹೆಗಲು ಮುಟ್ಟಿ ನೋಡಿಕೊಂಡೆ.
ಕುಂಬಳಕಾಯಿ ನಿಜವಾಗಿಯೂ ಮನೆಯಲ್ಲಿತ್ತು,
ಒಂಬತ್ತು ಡಾಲರಿಗೆ ಕೊಂಡದ್ದು, ರಸೀದಿ ಸಮೇತ.

ಈಗ ಅದರ ಹೊಟ್ಟೆ ಬಗೆಯುತ್ತಿದ್ದೇನೆ
ಚಿಪ್ಪು ಬಿಡಿಸುವ ಗಿಡ್ಡ ಚಾಕುವಿನಲ್ಲಿ,
ಹದಿನೇಳು ವರ್ಷ ಮೀನು ಕಾರ್ಖಾನೆಯಲ್ಲಿ
ನನ್ನ ಅಂಗೈಗೆ ಗಂಟುಬಿದ್ದ ಚಾಕು.
ಬೀಜ, ನಾರು, ತಣ್ಣನೆಯ ಕಿತ್ತಳೆ ಲೋಳೆ
ಹಳೇ ಪತ್ರಿಕೆಯ ಮೇಲೆ ರಾಶಿ;
ಕೆಳಗೆ ಯಾರದೋ ನಿಧನವಾರ್ತೆ ನೆನೆಯುತ್ತಿದೆ.
ಎರಡು ಕಣ್ಣು ಕೊರೆದೆ. ಮೂಗು ಸೊಟ್ಟಗಾಯಿತು.
ಇರಲಿ, ನಮ್ಮ ವಂಶದ ಮೂಗೇ ಹಾಗೆ.

ಫಾದರಿಗೆ ಗೊತ್ತಿಲ್ಲ, ಪಾಪ, ಎಳೆಯ ಹುಡುಗ:
ನಾವು ಸತ್ತವರಿಗೆ ಹೆದರುವ ಜಾತಿಯಲ್ಲ.
ಬಲಿಪೀಠದೊಳಗೆ ಸಂತನೊಬ್ಬನ ಬೆರಳಿನ ಮೂಳೆ ಇಟ್ಟು
ಅದರ ಮೇಲೆಯೇ ಊಟಕ್ಕೆ ಕೂಡುವ ಜನ.
ಲೂಸಿಯಮ್ಮ ತಟ್ಟೆಯಲ್ಲಿ ತನ್ನ ಕಣ್ಣು ಹಿಡಿದು ನಿಂತಿದ್ದಾಳೆ;
ಮೊದಲ ಪರಮಪ್ರಸಾದಕ್ಕೆ ಸಾಲಾಗಿ ಹೋಗುವಾಗ
ಅವು ನನ್ನ ಬಿಳಿ ಕಾಲುಚೀಲವನ್ನೇ ನೋಡುತ್ತಿದ್ದವು.
ಬಾರ್ತೊಲೊಮೆಯ ತನ್ನದೇ ತೊಗಲನ್ನು
ಒಗೆದ ಬಟ್ಟೆಯಂತೆ ತೋಳಿಗೆ ಹಾಕಿಕೊಂಡಿದ್ದಾನೆ.
ಅಂಗಡಿಯ ಪ್ಲಾಸ್ಟಿಕ್ ಅಸ್ಥಿಪಂಜರ
ಇವರ ಮುಂದೆ ಯಾವ ಲೆಕ್ಕ?

ಸಾವೊ ಜಾರ್ಜ್ ದ್ವೀಪದಲ್ಲಿ ಅಜ್ಜಿ ದೆಒಲಿಂದಾ
ಸಕಲ ಸಂತರ ಹಬ್ಬದ ಬೆಳಿಗ್ಗೆ
ನಮ್ಮ ಕೊರಳಿಗೆ ಬಟ್ಟೆಚೀಲ ಕಟ್ಟಿ ಓಡಿಸುತ್ತಿದ್ದಳು,
ಮನೆಮನೆಗೆ: ದೇವರ ಹೆಸರಲ್ಲಿ ರೊಟ್ಟಿ! ದೇವರ ಹೆಸರಲ್ಲಿ ರೊಟ್ಟಿ!
ಅಂಜೂರ, ಬೆಂದ ಚೆಸ್ಟ್‌ನಟ್, ಜೋಳದ ರೊಟ್ಟಿಯ ಅಂಚು.
ಕೊಡದ ಮನೆಯ ಮುಂದೆ ತಮ್ಮ ಅರ್ಲಿಂದು
ಶಾಪದ ಪದ್ಯ ಹೇಳುತ್ತಿದ್ದ, ತೊದಲುತ್ತ.
ಒಂದು ರೊಟ್ಟಿಗೆ ಒಂದು ಆತ್ಮ
ಶುದ್ಧೀಕರಣದ ಬೆಂಕಿಯಿಂದ ಒಂದು ಮೆಟ್ಟಿಲು ಮೇಲೆ,
ಅನ್ನುತ್ತಿದ್ದಳು ಅಜ್ಜಿ.
ನಾವು ತಿಂದೆವು. ಯಾರು ಮೇಲೇರಿದರೋ ಗೊತ್ತಿಲ್ಲ.

ಸಂಜೆ ಆರು. ನ್ಯೂ ಬೆಡ್‌ಫರ್ಡಿನ ಈ ಇಳಿಜಾರು ಬೀದಿ ತುಂಬ
ಚಿಲ್ಲರೆ ಪಿಶಾಚಿಗಳು.
ಇಬ್ಬರು ಮಾಟಗಾತಿಯರು, ಒಂದು ಡೈನೋಸಾರ್,
ಮೂಗು ಸುರಿಸುತ್ತಿರುವ ಒಬ್ಬ ರಕ್ತಪಿಪಾಸು.
ಹಾಸಿಗೆಬಟ್ಟೆಯೊಳಗೆ ಅಡಗಿದ ಮೆದೈರೋಸರ ಕಿರಿಯವಳು
'ನಾನು ಜಸಿಂತಾ ಅಲ್ಲ' ಅಂದಳು.
ಚಾಕೊಲೇಟಿನ ಜೊತೆ ಒಂದೊಂದು ಪುಟ್ಟ ಸಿಹಿರೊಟ್ಟಿ;
ದೆವ್ವಗಳು ಅದನ್ನು ಅನುಮಾನದಿಂದ ಮೂಸಿದವು.

ಎಂಟಕ್ಕೆ ಮಳೆ. ದೀಪ ಆರಿಸಲು ಕದ ತೆರೆದರೆ
ಮೆಟ್ಟಿಲ ಮೇಲೆ ಒಬ್ಬ.
ಮುಖವಾಡವಿಲ್ಲ, ಬಣ್ಣವಿಲ್ಲ.
ಕಡಲಿಗಿಳಿಯುವವರ ಹಳದಿ ಕೋಟು, ಅಂಚು ನೆಲ ಗುಡಿಸುವಷ್ಟು,
ಟೋಪಿಯಿಂದ ನೀರು ತೊಟತೊಟ.
ಏನೂ ಕೇಳಲಿಲ್ಲ. ಚೀಲ ಚಾಚಿದ.

ಜಾರ್ಜಸ್ ಬ್ಯಾಂಕಿನಾಚೆ ದೋಣಿ ಮಗುಚಿ ಹನ್ನೊಂದು ವರ್ಷ.
ಸಿಕ್ಕಿದ್ದು ಒಂದು ಬೂಟು, ಅದೂ ಇನ್ನೊಬ್ಬನದು.
ಅರ್ಲಿಂದುವಿಗೆ ಗೋರಿಯಿಲ್ಲ.
ನವೆಂಬರ್ ಎರಡಕ್ಕೆ ಎಲ್ಲರೂ ಸೇವಂತಿಗೆ ಹಿಡಿದು
ಸ್ಮಶಾನದ ದಾರಿ ಹಿಡಿದರೆ
ನಾನು ಬಂದರಿನ ಕಟ್ಟೆಯ ಮೇಲೆ ಕೂತು ಜಪಸರ ಎಣಿಸುತ್ತೇನೆ.
ಕಡಲಹಕ್ಕಿಗಳು ನಡುವೆ ಬಾಯಿ ಹಾಕುತ್ತವೆ.

'ಅಪ್ಪನ ಕೋಟು,' ಅಂದ ಹುಡುಗ. 'ವೇಷ ಕೊಳ್ಳಲಿಲ್ಲ.'
ಅಪ್ಪ ಎಲ್ಲಿ?
'ಮಲಗಿದ್ದಾನೆ. ನಾಲ್ಕಕ್ಕೆ ದೋಣಿ ಹತ್ತಬೇಕು.'
ಬುಟ್ಟಿಯಲ್ಲಿದ್ದದ್ದನ್ನೆಲ್ಲ ಅವನ ಚೀಲಕ್ಕೆ ಸುರಿದೆ.
ಹೋಗು, ಕೋಟು ಒಲೆಯ ಹತ್ತಿರ ಒಣಹಾಕು, ಅಂದೆ.
ಗದರಿದಂತೆ ಕೇಳಿಸಿರಬೇಕು. ಓಡಿದ.

ದೀಪ ಆರಿಸಲಿಲ್ಲ. ಸೊಟ್ಟಮೂಗನ್ನು ಬಂದರಿನ ಕಡೆಗೆ ತಿರುಗಿಸಿಟ್ಟೆ.

ಫಾದರ್, ಶನಿವಾರ ಪಾಪನಿವೇದನೆಗೆ ಬರುತ್ತೇನೆ.
ಕುಂಬಳಕಾಯಿಯ ವಿಷಯ ಹೇಳುತ್ತೇನೆ,
ಕೆಲಸದಲ್ಲಿ ಆಡಿದ ಎರಡು ಸುಳ್ಳು, ಮೇಸ್ತ್ರಿಯ ಮೇಲಿನ ಸಿಟ್ಟು.
ಆ ಒಂದು ಕ್ಷಣ, ಹೊಸ್ತಿಲಲ್ಲಿ,
ಸೈತಾನನೇ ಕೈಹಿಡಿದು ತಂದು ನಿಲ್ಲಿಸಿದ್ದರೂ ಸರಿ,
ಇಬ್ಬರನ್ನೂ ಒಳಗೆ ಕರೆದು ಕೂರಿಸುತ್ತಿದ್ದೆ.
ಅದನ್ನು ಹೇಳುತ್ತೇನೋ ಇಲ್ಲವೋ.