ಮೂಕಿಭಾರ

ಮೂವತ್ತೊಂದು ಸುಗ್ಗಿ ನಾನು ಲಾರಿ ತೂಗಿದವನು,
ಡಿಂಬೂಲಾ ಊರಾಚೆ, ಗೋಧಿ ಕಣಜದ ಬುಡದಲ್ಲಿ,
ಗಾಜಿನ ಕಿಟಕಿಯ ಹಿಂದೆ.
ತುಂಬಿ ಬಂದದ್ದನ್ನು ತೂಗು, ಬರಿದಾಗಿ ಹೊರಟದ್ದನ್ನು ತೂಗು,
ಅದರಲ್ಲಿ ಇದನ್ನು ಕಳೆ. ಉಳಿದದ್ದು ಗೋಧಿ.
ಬರುವಾಗ ನಾಯಿಯನ್ನು ಕೂರಿಸಿಕೊಂಡು
ಹೋಗುವಾಗ ಇಳಿಸಿ ನಡೆಸಿದವರಿದ್ದರು.
ಯಾರ ಮಾತನ್ನೂ ನಂಬಲಿಲ್ಲ.
ಮುಳ್ಳು ಹೇಳಿದ್ದನ್ನು ಬರೆದೆ.

ಈಗ ನಿವೃತ್ತಿ. ಸ್ಟಾವೆಲ್‌ನ ಹಲ್ಲಿನ ಡಾಕ್ಟರೊಬ್ಬ ಮಾರಿದ ಕ್ಯಾರವಾನ್
ನಮ್ಮ ಅಂಗಳದಲ್ಲಿ ಮೂತಿಯೂರಿ ನಿಂತಿದೆ.
ಗಾಡಿ ಇದೆ, ಎತ್ತಿಲ್ಲ.

ಬರಿಮೈಯಲ್ಲಿ ಎರಡು ಟನ್ನು, ಮೇಲೆ ನೂರು ಕಿಲೋ.
ನೀರು ತುಂಬಿದರೆ ಇನ್ನೂ ನೂರರವತ್ತು.
ಗ್ಯಾಸು, ಬ್ಯಾಟರಿ, ಮೇಲ್ಚಾವಣಿ, ಕುರ್ಚಿ ಎರಡು.
ಗ್ಲೆನಿಸ್ ಹೊಲಿಗೆಯಂತ್ರ ಅಂದಳು. ಹೊಡೆದುಹಾಕಿದೆ.
ಕಬ್ಬಿಣದ ಬಾಣಲೆ. ಇರಲಿ.
ಏಪ್ರಿಕಾಟ್ ಜಾಮು, ಹನ್ನೊಂದು ಬಾಟಲಿ.
ಮೂರು ಸಾಕು, ದಾರಿಯುದ್ದಕ್ಕೂ ಅಂಗಡಿ ಇರುತ್ತವಲ್ಲ, ಅಂದೆ.
ಅಂಗಡಿ ಇರುತ್ತವೆ, ನನ್ನ ಜಾಮು ಇರುವುದಿಲ್ಲ, ಅಂದಳು.

ಪಕ್ಕದ ಮನೆಯ ವಾರ್ವಿಕ್ ಬೇಲಿಗೆ ಮೊಣಕೈ ಊರಿ
ಅಮೆರಿಕದ ದೊಡ್ಡ ಪಿಕಪ್ ತಗೋ, ಎಂದ,
ಮನೆಯನ್ನೇ ಎಳೆದುಕೊಂಡು ಹೋಗುತ್ತದೆ.
ಮನೆ ಇಲ್ಲೇ ಇರಲಿ, ವಾರ್ವಿಕ್.
ನಾನು ಬ್ರೂಮ್ ಮುಟ್ಟಬೇಕು,
ಕಡಲೊಳಕ್ಕೆ ಹೊತ್ತು ಇಳಿಯುವುದನ್ನು ನೋಡಬೇಕು,
ನೋಡಲಾಗುವಷ್ಟರಲ್ಲಿ.

ಎಷ್ಟು ಎಳೆಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ.
ಕೇಳಬೇಕಾದದ್ದು ಮೂಕಿಯ ಭಾರ:
ಗಾಡಿ ಎತ್ತಿನ ಮೇಲೆ ಎಷ್ಟು ಒರಗುತ್ತದೆ ಎಂಬುದು.
ಹಿಂದೆ ಹೇರಿದೆಯೋ, ಮೂಕಿ ಮೇಲೇಳುತ್ತದೆ,
ನಲ್ಲಾರ್ಬರ್ ಬಯಲ ಗಾಳಿಗೆ ಬಾಲ ತೊನೆದು
ಗಾಡಿಯೇ ಎತ್ತನ್ನು ಹೊಡೆಯತೊಡಗುತ್ತದೆ.
ಮುಂದೆ ಹೇರಿದೆಯೋ, ಎತ್ತಿನ ಹಿಂಗಾಲು ಕುಸಿದು
ಮುಂಗಾಲು ಹಗುರಾಗಿ ತಿರುವು ಮರೆಯುತ್ತದೆ.
ಹತ್ತರಲ್ಲೊಂದು ಪಾಲು ಒರಗಬೇಕು, ಅಷ್ಟೇ.
ಇದನ್ನು ಗ್ಲೆನಿಸ್‌ಗೆ ವಿವರಿಸಿದೆ.
ನಲವತ್ನಾಲ್ಕು ವರ್ಷ ಯಾರು ಎಷ್ಟು ಒರಗಿದ್ದು,
ಲೆಕ್ಕ ತೆಗೆಯಲೇ? ಅಂದಳು, ಬಟಾಣಿ ಸುಲಿಯುತ್ತ.

ಒಂದು ಸಂಗತಿ ಪಟ್ಟಿಯಲ್ಲಿ ಬರೆದಿರಲಿಲ್ಲ.
ಬಲಗಣ್ಣಿನ ನಡುವೆ ಬೂದಿ ಬಣ್ಣದ ಹೆಬ್ಬೆಟ್ಟಿನ ಗುರುತು.
ನೆಟ್ಟಗಿನ ತಂತಿ ಅಲ್ಲಿಗೆ ಬಂದು ಬಾಗುತ್ತದೆ.
ಎಡಗಣ್ಣೂ ಅದೇ ದಾರಿಯಲ್ಲಿದೆ,
ಅಂದಿದ್ದರು ಬಲ್ಲಾರಟ್‌ನಲ್ಲಿ.
ಎತ್ತು ಕೊಂಡ ಮೇಲೆ ಹೇಳಿದರಾಯಿತು, ಎಂದುಕೊಂಡಿದ್ದೆ.

ಹಾರ್ಶಮ್‌ನ ಕಾರಂಗಡಿ. ಜ್ಯಾರೆಡ್ ಎಂಬ ಹುಡುಗ
ನನ್ನ ಮುಖ ನೋಡಿಕೊಂಡೇ ಇಂಜಿನ್ನಿನ ಗುಣಗಾನ ಮಾಡಿದ,
ಅವಳಿಗೆ ಟೀ ಬೇಕೇ ಎಂದು ಕೇಳಿದ.
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು
ಆಗಲೇ ಎರಡಕ್ಕೆ ಹತ್ತಿ ಇಳಿದಿದ್ದಳು.
ಒಂದರ ಮೆಟ್ಟಿಲು ಅವಳ ಮಂಡಿಗೆ ಎತ್ತರ,
ಇನ್ನೊಂದರ ಕನ್ನಡಿ ಗುಲಗಂಜಿ.
ಮೂರನೆಯದು ಏಳು ವರ್ಷ ಹಳೆಯ ಡೀಸೆಲ್, ಒಣಹುಲ್ಲಿನ ಬಣ್ಣ.
ಸೀಟು ಮೂರು ಹಲ್ಲು ಮುಂದೆ ಸರಿಸಿ,
ಬ್ರೇಕಿನ ಮೇಲೆ ಪಾದವಿಟ್ಟು
ಒಂದು ನಿಮಿಷ ಸುಮ್ಮನೆ ಕೂತಳು,
ಮಕ್ಕಳೆಲ್ಲ ಕೂರಲಿ ಎಂದು ಕಾಯುವ ಹಾಗೆ.
ಇದು, ಅಂದಳು.

ಹುಡುಗ ಕೀ ನನ್ನತ್ತ ಚಾಚಿದ.
ಇಲ್ಲಿ ಕೊಡಪ್ಪ, ಅಂದಳು ಗ್ಲೆನಿಸ್,
ಅವನು ಹೋದ ಚಳಿಗಾಲದಿಂದ
ನೆಟ್ಟಗಿರುವ ಬೇಲಿಯನ್ನೇ ಎರಡು ಸಲ ಬಿಚ್ಚಿ ಕಟ್ಟಿದ್ದಾನೆ.

ನಾನು ಟೈರು ನೋಡಿದೆ.
ಟೈರು ನೋಡಬೇಕಾಗಿತ್ತು.

ಹೊರಡುವ ಹಿಂದಿನ ಸಂಜೆ, ಎಲ್ಲ ಹೇರಿ,
ನನ್ನ ಹಳೆಯ ತೂಕದ ಕಟ್ಟೆಗೆ ಹೋದೆವು.
ಕಿಟಕಿಯ ಹಿಂದೆ ಈಗ ಯಾರೂ ಇಲ್ಲ,
ಕೆಂಪು ಅಂಕಿ ತಾನಾಗಿ ಹೊತ್ತಿಕೊಳ್ಳುತ್ತದೆ.
ಹೊತ್ತಿಕೊಂಡಿತು.
ನನಗೆ ಕಂಡದ್ದು ಒಂದು ಕೆಂಡ, ಅದರ ನಡುವೆ ಬೂದಿ.
ಎಷ್ಟು? ಅಂದೆ.
ಅವಳು ಹೇಳಿದಳು. ಮಿತಿಯೊಳಗೆ, ಸಲೀಸಾಗಿ.

ಕಟ್ಟೆ ಇಳಿಯುವಾಗ ಹಿಂದೆ ಬಾಟಲಿಗಳು ಸದ್ದು ಮಾಡಿದವು.
ಮೂರು ಬಾಟಲಿಯ ಸದ್ದಲ್ಲ ಅದು.
ಅದರ ಕೆಳಗೆ ಇನ್ನೂ ಏನೋ, ಎರಕದ ಕಬ್ಬಿಣದ್ದು,
ಬಟ್ಟೆ ಸುತ್ತಿ ಇಟ್ಟದ್ದು, ಒಮ್ಮೆ ಗೊಣಗಿತು.
ಬರೆದುಕೊಂಡೆ,
ಅವಳು ಹೇಳಿದಷ್ಟನ್ನೇ.